ಜೆರಾಕ್ಸ್ ಅಂಗಡಿಗೆ ಯಾವ ಡೆಸ್ಕ್‌ಟಾಪ್?

ಕೂಸೇ, ಒಡೆಯರಪಾಳ್ಯದಲ್ಲೇ ಜೆರಾಕ್ಸ್, ಟೈಪಿಂಗ್ ಅಂಗಡಿ ಇಡುವ ನಿನ್ನ ಯೋಚನೆ ಒಳ್ಳೆಯದೇ. ಒಂದು ಅರ್ಜಿ ಬರೆಸಲು ಜನ ಬಸ್ ಹತ್ತಿ ಹನೂರಿಗೋ ಕೊಳ್ಳೇಗಾಲಕ್ಕೋ ಹೋಗುವುದು ತಪ್ಪುತ್ತದೆ. ಕಳ್ಳ ವಿಂಡೋಸ್ ಬೇಡ, ಲಿನಕ್ಸ್ ಹಾಕುತ್ತೇನೆ ಅಂದೆಯಲ್ಲ, ಅದಂತೂ ಇನ್ನೂ ಒಳ್ಳೆಯದು. ಆದರೆ ಯಾವ ಡೆಸ್ಕ್‌ಟಾಪ್, ಗ್ನೋಮೋ ಕೆಡಿಇಯೋ ಎಕ್ಸ್‌ಎಫ್‌ಸಿಇಯೋ ಅಂತ ಯೂಟ್ಯೂಬ್ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೀಯ. ಅಲ್ಲಿ ಬಣ್ಣ ತೋರಿಸುತ್ತಾರೆ, ಪರದೆಯ ಕುಣಿತ ತೋರಿಸುತ್ತಾರೆ. ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ ತೋರಿಸು ಅಂದರೆ ಯಾರೂ ಇಲ್ಲ.

ಇವುಗಳ ಜಗಳದ ಕಥೆ ಸ್ವಲ್ಪ ಗೊತ್ತಿರಲಿ. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಕ್ ಕೆಡಿಇ ಶುರು ಮಾಡಿದ. ಅದಕ್ಕೆ ಆಧಾರವಾಗಿದ್ದ ಕ್ಯೂಟಿ ಎಂಬ ತಂತ್ರಾಂಶ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದು ಸರಿಬರದೆ 1997ರಲ್ಲಿ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೆನಾ ಗ್ನೋಮ್ ಕಟ್ಟಲು ಕೂತರು. 2011ರಲ್ಲಿ ಗ್ನೋಮ್ 3 ಬಂದು ಹಳೆಯ ಮೆನು, ಪಟ್ಟಿಗಳನ್ನೆಲ್ಲ ಬದಲಾಯಿಸಿದಾಗ ಮುನಿಸಿಕೊಂಡವರು ಮಾಟೆ, ಸಿನಮನ್ ಅಂತ ಬೇರೆ ಒಲೆ ಹೂಡಿದರು. ಯಾರೂ ಕೆಟ್ಟದ್ದು ಮಾಡಿಲ್ಲ. ಒಳಗಿನ ಲಿನಕ್ಸ್ ಎಲ್ಲದಕ್ಕೂ ಒಂದೇ, ಮೇಲಿನ ಮುಖ ಮಾತ್ರ ಬೇರೆ. ಬೇಕಾದರೆ ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿಕೊಂಡು ಲಾಗಿನ್ ಆಗುವಾಗ ಆರಿಸಿಕೊಳ್ಳಬಹುದು. ಹಾಗಾಗಿ ಇದು ಜನ್ಮಕ್ಕಂಟುವ ತೀರ್ಮಾನ ಅಂತ ಹೆದರಬೇಡ.

ಮೊದಲು ಯಂತ್ರ ನೋಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿ ಕಂಪ್ಯೂಟರುಗಳಿಗೆ ಇನ್ನು ಲಿನಕ್ಸೇ ಗತಿ. ನೀನು ತರುವ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯೂ ಅಂಥದ್ದೇ ಇರಬಹುದು. ರ್‍ಯಾಮ್ 2 ಜಿಬಿ ಇದ್ದರೆ ಗ್ನೋಮ್ ಆಸೆ ಬಿಡು, ಎಲ್‌ಎಕ್ಸ್‌ಕ್ಯೂಟಿ ಹಾಕು. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಸಲೀಸಾಗಿ ಓಡುತ್ತದೆ. ಗ್ನೋಮ್ ಕೂಡ ಓಡೀತು, ಆದರೆ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದ ಮೇಲೆ ಏದುಸಿರು ಬಿಡುತ್ತದೆ. 8 ಜಿಬಿ, ಎಸ್‌ಎಸ್‌ಡಿ ಇದ್ದರೆ ಯಾವುದನ್ನಾದರೂ ಹಾಕಿಕೊ. ಕಾಸಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸು. ಅದು ಕೊಡುವ ವೇಗವನ್ನು ಯಾವ ಡೆಸ್ಕ್‌ಟಾಪೂ ಕೊಡುವುದಿಲ್ಲ.

ಆಮೇಲೆ ಕನ್ನಡ. ನಿನ್ನ ಅಂಗಡಿ ನಿಲ್ಲುವುದೋ ಬೀಳುವುದೋ ಇದರ ಮೇಲೆ. ಗ್ನೋಮ್‌ನಲ್ಲಿ ಇದು ಸುಲಭ. ಸೆಟ್ಟಿಂಗ್ಸ್‌ನೊಳಗೆ ಕೀಬೋರ್ಡ್‌ಗೆ ಹೋಗಿ ಕನ್ನಡ ಸೇರಿಸಿದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಾಯಿಸಬಹುದು. ನೀನು ಕಲಿತಿರುವುದು ನುಡಿ ಕೀಲಿಮಣೆ. ಅದು ಇಲ್ಲಿ ಕೆಜಿಪಿ ಹೆಸರಲ್ಲಿ ಸಿಗುತ್ತದೆ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಅದು ಪಟ್ಟಿಯಲ್ಲಿ ಕಾಣಬೇಕಾದರೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಎಂ17ಎನ್ ಭಾಗ ಹಾಕಿರಬೇಕು. ಎಕ್ಸ್‌ಎಫ್‌ಸಿಇಯಲ್ಲಾದರೆ ಐಬಸ್ಸನ್ನೂ ನೀನೇ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಹತ್ತು ನಿಮಿಷದ ಕೆಲಸ, ಅದಕ್ಕಾಗಿ ಹಗುರವಾದ ಡೆಸ್ಕ್‌ಟಾಪ್ ಬಿಡಬೇಡ. ಗುಬ್ಬಿ, ನವಿಲು, ಲೋಹಿತ್ ಅಕ್ಷರಗಳು ಡೆಬಿಯನ್ ಲಿನಕ್ಸ್‌ನಲ್ಲೇ ಸಿಗುತ್ತವೆ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿ ನೋಡು. ಲಿನಕ್ಸ್ ಮಿಂಟ್ ಎಂಬ ವಿತರಣೆಯ ಎಕ್ಸ್‌ಎಫ್‌ಸಿಇ ಆವೃತ್ತಿ ಸುಮಾರು 3 ಜಿಬಿ. ಕೊಳ್ಳೇಗಾಲಕ್ಕೆ ಹೋದಾಗ ಒಳ್ಳೆಯ ನೆಟ್ ಸಿಕ್ಕ ಕಡೆ ಇಳಿಸಿಕೊ. ಲೈವ್‌ನಲ್ಲಿ ‘ಅರ್ಜಿದಾರರು’, ‘ಒಡೆಯರಪಾಳ್ಯ’, ‘ರ್‍ಯಾಂಕ್’ ಈ ಮೂರನ್ನು ಟೈಪ್ ಮಾಡು. ಅರ್ಕಾವತ್ತು ಜಾಗದಲ್ಲಿ ಕೂತಿದೆಯೇ, ಳಕ್ಕೆ ಯ ಒತ್ತು ಬಂತೇ ಅಂತ ಪರದೆಯಲ್ಲಿ ನೋಡಿ ಬಿಡಬೇಡ, ಪ್ರಿಂಟ್ ತೆಗೆದು ನೋಡು. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್ ಜೊತೆ ಹೊಂದುವುದೇ ಇಲ್ಲ. ಅದಕ್ಕೆ ಡೆಸ್ಕ್‌ಟಾಪನ್ನು ಬೈದು ಫಲವಿಲ್ಲ, ಪ್ರಿಂಟರ್ ಕೊಳ್ಳುವಾಗಲೇ ವಿಚಾರಿಸಬೇಕು. ಇನ್ನು, ಗಿರಾಕಿಗಳು ಹಳೆಯ ನುಡಿ ಫೈಲು ತಂದರೆ ಅದು ಕಲಸುಮೇಲೋಗರವಾಗಿ ಕಾಣುತ್ತದೆ. ಗಾಬರಿ ಬೇಡ, ಅದನ್ನು ಯೂನಿಕೋಡಿಗೆ ಬದಲಾಯಿಸುವ ಸಲಕರಣೆಗಳಿವೆ. ಅರವಿಂದ ವಿ.ಕೆ. ಮಾಡಿದ್ದು ಚೆನ್ನಾಗಿದೆ.

ನಮ್ಮ ಪಕ್ಕದ ಟಿಬೆಟನ್ ಕ್ಯಾಂಪಿನವರೂ ನಿನ್ನ ಗಿರಾಕಿಗಳೇ ಆಗುತ್ತಾರೆ. ಅದೇ ಐಬಸ್‌ನಲ್ಲಿ ಟಿಬೆಟನ್ ಲಿಪಿಯನ್ನೂ ಸೇರಿಸಿಟ್ಟಿರು. ಅದೇ ಲಿಪಿ ಬಳಸುವ ಭೂತಾನ್ ಸರ್ಕಾರ 2006ರಲ್ಲೇ ತನ್ನ ಜೋಂಖಾ ಭಾಷೆಯ ಲಿನಕ್ಸ್ ಹೊರತಂದಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಂತೂ ಕೇರಳ ಸರ್ಕಾರದ ಶಾಲೆಗಳಲ್ಲಿ ಲಿನಕ್ಸ್ ಮೇಲೇ ಕಂಪ್ಯೂಟರ್ ಕಲಿಯುತ್ತಾರೆ, ಪಾಠಪುಸ್ತಕವೂ ಕನ್ನಡದಲ್ಲಿದೆ. ಲಿನಕ್ಸ್ ಬೆಂಗಳೂರಿನ ಇಂಜಿನಿಯರುಗಳಿಗೆ ಮಾತ್ರ ಅನ್ನುವವರ ಮಾತಿಗೆ ಕಿವಿಗೊಡಬೇಡ.

ನನ್ನನ್ನು ಕೇಳಿದರೆ ನಿನ್ನ ಅಂಗಡಿಗೆ ಎಕ್ಸ್‌ಎಫ್‌ಸಿಇ ಸಾಕು. ಮಿಂಟ್‌ನಲ್ಲಿ ಮೆನು ಕೆಳಗೆ ಎಡಕ್ಕೇ ಇರುತ್ತದೆ, ವಿಂಡೋಸ್ ನೋಡಿದವರು ತಡಕಾಡುವುದಿಲ್ಲ. ನಿನ್ನ ತಮ್ಮ ಒಂದು ಗಂಟೆ ಕೂತರೂ ಅಂಗಡಿ ನಡೆಯಬೇಕಲ್ಲ. ಕೆಡಿಇ ಚಂದವೇ, ಆದರೆ ತಿರುಗಿಸುವ ಗುಬಟು ಜಾಸ್ತಿ, ನಿನ್ನ ಸ್ವಭಾವಕ್ಕೆ ದಿನವೆಲ್ಲ ಅದರಲ್ಲೇ ಕಳೆದೀಯ. ಒಮ್ಮೆ ಹಾಕಿದ ಮೇಲೆ ಒಂದು ವರ್ಷ ಮುಟ್ಟಬೇಡ.

ಒಂದು ಕೊರತೆ ಇದೆ. ಎಕ್ಸ್‌ಎಫ್‌ಸಿಇಯ ಮೆನುಗಳಲ್ಲಿ ಕನ್ನಡ ಕಡಿಮೆ. ಗ್ನೋಮ್‌ಗೆ ಶಂಕರ್ ಪ್ರಸಾದ್ ಅಂಥವರು ವರ್ಷಗಟ್ಟಲೆ ಕೂತು ಅನುವಾದ ಮಾಡಿದ್ದರಿಂದ ಅಲ್ಲಿ ಅಷ್ಟು ಕನ್ನಡ ಕಾಣುತ್ತದೆ. ಎಕ್ಸ್‌ಎಫ್‌ಸಿಇಯ ಅನುವಾದ ಟ್ರಾನ್ಸಿಫೆಕ್ಸ್ ಎಂಬ ಜಾಲತಾಣದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಸೇರಬಹುದು. ಗಿರಾಕಿ ಇಲ್ಲದ ಮಧ್ಯಾಹ್ನ ಮೊಬೈಲ್ ಉಜ್ಜುತ್ತಾ ಕೂರುವ ಬದಲು ನಾಲ್ಕು ಸಾಲು ಕನ್ನಡಕ್ಕೆ ತಂದು ಕಳಿಸು.