ಚಿಗಟ ಮೊದಲು, ಇಲಿ ಆಮೇಲೆ: ಸಾಕುಪ್ರಾಣಿಗಳ ಚಿಗಟದಿಂದ ಹರಡುವ ಸೋಂಕುಗಳು ಮತ್ತು ಗ್ರಾಮ ಪಂಚಾಯತಿಯ ಹೊಣೆ

ಮೆಕ್ಕೆಜೋಳದ ಕೊಯ್ಲು ಮುಗಿದ ತಿಂಗಳುಗಳಲ್ಲಿ ಹಾವೇರಿ ಮತ್ತು ರಾಣೇಬೆನ್ನೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಪಡಸಾಲೆ, ಕಣ, ಕೊಟ್ಟಿಗೆಗಳು ಕಾಳಿನ ಚೀಲಗಳಿಂದ ತುಂಬಿರುತ್ತವೆ. ಬ್ಯಾಡಗಿ ಭಾಗದಲ್ಲಿ ಮೆಣಸಿನಕಾಯಿಯ ಚೀಲಗಳೂ ಜೊತೆಗೂಡುತ್ತವೆ. ಕಾಳು ಇದ್ದಲ್ಲಿಗೆ ಇಲಿ ಬರುತ್ತದೆ. ಇಲಿಗಾಗಿ ಬೆಕ್ಕು ಇರುತ್ತದೆ. ರಾಶಿ ಕಾಯಲು ನಾಯಿ ಮಲಗಿರುತ್ತದೆ. ಅದೇ ಸೂರಿನಡಿ ಮಕ್ಕಳೂ ಮಲಗುತ್ತಾರೆ. ಇವರೆಲ್ಲರ ನಡುವೆ ಕಣ್ಣಿಗೆ ಬೀಳದಂತೆ ಓಡಾಡುವ ಜೀವಿಯೇ ಚಿಗಟ.

ಇಂತಹ ಸಮಯದಲ್ಲಿ ಪಂಚಾಯತಿಗೆ ಸಾಮಾನ್ಯವಾಗಿ ಬರುವ ಬೇಡಿಕೆಗಳು ಎರಡು: ಇಲಿ ಪಾಷಾಣ ಹಂಚಿರಿ, ನಾಯಿಗಳನ್ನು ಹಿಡಿಸಿರಿ. ಇವೆರಡಕ್ಕೂ ಮುನ್ನ ಮಾಡಬೇಕಾದ ಕೆಲಸವೊಂದಿದೆ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಚಿಗಟದ ಸ್ವಭಾವ

ಚಿಗಟವು ಎರಡು–ಮೂರು ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ, ಕಂದು ಬಣ್ಣದ ಕೀಟ. ಉಣ್ಣೆಯು ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ, ಚಿಗಟವು ಜಿಗಿಯುತ್ತದೆ. ನಾಯಿ ಮತ್ತು ಬೆಕ್ಕು ಎರಡರ ಮೇಲೂ ಹೆಚ್ಚಾಗಿ ಕಾಣುವುದು ಬೆಕ್ಕಿನ ಚಿಗಟವೆಂಬ ಜಾತಿಯೇ. ಅದು ಪ್ರಾಣಿಯ ಮೈಮೇಲೆ ಮೊಟ್ಟೆಯಿಟ್ಟರೂ ಮೊಟ್ಟೆಗಳು ಉದುರಿ ಗೋಣಿಚೀಲ, ಕಂಬಳಿ, ನೆಲದ ಬಿರುಕುಗಳನ್ನು ಸೇರುತ್ತವೆ. ಅಲ್ಲಿ ಮರಿಹುಳುವಾಗಿ, ಕೋಶ ಕಟ್ಟಿ, ಕೆಲವೊಮ್ಮೆ ತಿಂಗಳುಗಟ್ಟಲೆ ಅಡಗಿದ್ದು, ಹತ್ತಿರ ಯಾರಾದರೂ ನಡೆದಾಡಿದ ಅದುರಿಗೆ ಹೊರಬರುತ್ತವೆ. ಆದ್ದರಿಂದ ನಾಯಿಗೆ ಮಾತ್ರ ಔಷಧಿ ಹಚ್ಚಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಅದು ಮಲಗುವ ಜಾಗವನ್ನೂ ಶುಚಿಗೊಳಿಸಬೇಕು.

2. ಹರಡುವ ಸೋಂಕುಗಳು

ಟೈಫಸ್ ಜ್ವರ: ಹೆಸರು ಹೋಲುವುದಾದರೂ ಇದು ಟೈಫಾಯ್ಡ್ ಅಲ್ಲ. ಇಲಿ ಮತ್ತು ಬೆಕ್ಕಿನ ಚಿಗಟಗಳ ಹಿಕ್ಕೆಯಲ್ಲಿ ಇದರ ಬ್ಯಾಕ್ಟೀರಿಯಾ ಇರುತ್ತದೆ. ಚಿಗಟ ಕಚ್ಚಿದ ಜಾಗವನ್ನು ಕೆರೆದುಕೊಂಡಾಗ ಹಿಕ್ಕೆಯು ಗಾಯದೊಳಗೆ ಸೇರುತ್ತದೆ. ಜ್ವರ, ತೀವ್ರ ತಲೆನೋವು, ಮೈಕೈ ನೋವು, ಕೆಲವರಲ್ಲಿ ಗಂಧೆ ಕಾಣಿಸುತ್ತದೆ. ವೈದ್ಯರು ಸಕಾಲದಲ್ಲಿ ಸೂಕ್ತ ಪ್ರತಿಜೀವಕ ನೀಡಿದರೆ ಗುಣವಾಗುತ್ತದೆ.

ಬೆಕ್ಕು ಪರಚಿದ ಜ್ವರ: ಚಿಗಟದ ಹಿಕ್ಕೆ ಬೆಕ್ಕಿನ ಉಗುರಿನಲ್ಲಿ ಸೇರಿ, ಅದು ಪರಚಿದಾಗ ಮನುಷ್ಯರಿಗೆ ದಾಟುತ್ತದೆ. ಮರಿ ಬೆಕ್ಕುಗಳಿಂದ ಅಪಾಯ ಹೆಚ್ಚು. ಕಂಕುಳು ಅಥವಾ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುತ್ತವೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ತೀವ್ರವಾಗಬಹುದು. ಯಾವುದೇ ನಾಯಿ, ಬೆಕ್ಕು ಕಚ್ಚಿದಾಗ ಅಥವಾ ಪರಚಿದಾಗ ರೇಬಿಸ್ ಅಪಾಯವೂ ಇರುವುದರಿಂದ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

ಪ್ಲೇಗ್: ಇದು ಮೂಲತಃ ಇಲಿ ಮತ್ತು ಇತರ ದಂಶಕಗಳ ರೋಗ. ಸೋಂಕಿತ ಇಲಿ ಸತ್ತಾಗ ಅದರ ಚಿಗಟಗಳು ತಣ್ಣಗಾದ ದೇಹವನ್ನು ಬಿಟ್ಟು ಬೇರೆ ಆಸರೆ ಹುಡುಕುತ್ತವೆ. ಸತ್ತ ಇಲಿಯನ್ನು ಕಚ್ಚಿದ ಬೆಕ್ಕಿಗೂ ಸೋಂಕು ತಗಲಿ, ಅದರಿಂದ ಮನೆಯವರಿಗೆ ದಾಟಬಹುದು.

3. ಇತಿಹಾಸ ಕಲಿಸಿದ ಪಾಠ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್, 1898ರ ವೇಳೆಗೆ ಹುಬ್ಬಳ್ಳಿ–ಧಾರವಾಡವನ್ನು ತೀವ್ರವಾಗಿ ಬಾಧಿಸಿತು. ಇಂದಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪ್ರದೇಶಗಳು ಆಗ ಧಾರವಾಡ ಜಿಲ್ಲೆಯಲ್ಲಿದ್ದವು. ಹಾಫ್ಕಿನ್ ಅವರ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹಿರಿಯರ ರೂಢಿಯಲ್ಲಿ ತಿಳಿವಳಿಕೆಯಿತ್ತು. ಕಾರಣ ಮಾತ್ರ ಆಗ ಗೊತ್ತಿರಲಿಲ್ಲ. ಅದೇ 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ಇಲಿಯಿಂದ ಇಲಿಗೆ ರೋಗ ಸಾಗಿಸುವುದು ಚಿಗಟವೆಂದು ತೋರಿಸಿಕೊಟ್ಟರು.

ಇನ್ನೂ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಮಾಮ್ಲಾ ಗ್ರಾಮ. 1994ರ ಆಗಸ್ಟ್‌ನಲ್ಲಿ ಅಲ್ಲಿ ಇಲಿಗಳ ಸಾವು ಮತ್ತು ಚಿಗಟದ ಕಾಟ ಕಂಡುಬಂದವು. ಸೆಪ್ಟೆಂಬರ್‌ನಲ್ಲಿ ಗಡ್ಡೆ ಪ್ಲೇಗಿನ ಶಂಕಿತ ರೋಗಿಗಳು ಪತ್ತೆಯಾದರು. ಎಚ್ಚರಿಕೆಯ ಗಂಟೆ ವಾರಗಳ ಮೊದಲೇ ಬಾರಿಸಿತ್ತು. ಅದು ಬಾರಿಸಿದ್ದು ಆಸ್ಪತ್ರೆಯಲ್ಲಲ್ಲ, ಊರಿನಲ್ಲಿ.

4. ಕ್ರಮದ ಅನುಕ್ರಮ

ಇಲಿಗಳು ಕಾರಣವಿಲ್ಲದೆ ಸಾಯುತ್ತಿರುವಾಗ ಅಥವಾ ಚಿಗಟದ ಕಾಟ ಹೆಚ್ಚಿರುವಾಗ ಮೊದಲು ಪಾಷಾಣ ಹಾಕುವುದು ತಪ್ಪು. ಇಲಿಗಳು ಒಟ್ಟಾಗಿ ಸತ್ತರೆ ಚಿಗಟಗಳು ನಾಯಿ, ಬೆಕ್ಕು, ಮನುಷ್ಯರತ್ತ ಜಿಗಿಯುತ್ತವೆ. ಮೊದಲು ಚಿಗಟ ನಿಯಂತ್ರಣ, ಬಳಿಕ ಇಲಿ ನಿಯಂತ್ರಣ ಎಂಬುದೇ ಸರಿಯಾದ ಅನುಕ್ರಮ. ಪಾಷಾಣ ತಿಂದ ಇಲಿಯನ್ನು ತಿಂದ ನಾಯಿ, ಬೆಕ್ಕುಗಳೂ ಸಾಯಬಹುದು ಎಂಬುದನ್ನೂ ಮರೆಯಬಾರದು.

ಬೀದಿನಾಯಿಗಳನ್ನು ಕೊಲ್ಲುವುದು ಕಾನೂನುಬಾಹಿರ; ಚಿಗಟಕ್ಕೆ ಪರಿಹಾರವೂ ಅಲ್ಲ. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರಂತೆ ಅವುಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು.

5. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

ಅ) ವಾರ್ಡಿನಲ್ಲಿ ಇಲಿಗಳು ಗುಂಪಾಗಿ ಸತ್ತರೆ ಬರಿಗೈಯಲ್ಲಿ ಮುಟ್ಟಲು ಬಿಡದೆ, ಅದೇ ದಿನ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು.

ಆ) ಪಶು ಚಿಕಿತ್ಸಾಲಯದ ನೆರವಿನಿಂದ ಚಿಗಟ ತಪಾಸಣಾ ಶಿಬಿರ ಏರ್ಪಡಿಸುವುದು. ಸಾಕುಪ್ರಾಣಿಯ ಕೂದಲಿನಿಂದ ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿದಾಗ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ.

ಇ) ನಾಯಿಗೆ ಬಳಸುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷವೆಂದು ಎಲ್ಲರಿಗೂ ತಿಳಿಸುವುದು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಯಾವ ಪ್ರಾಣಿಗೂ ಹಚ್ಚಬಾರದು.

ಈ) ಕಾಳಿನ ಚೀಲಗಳನ್ನು ಗೋಡೆಯಿಂದ ದೂರ, ಅಟ್ಟಣೆಯ ಮೇಲೆ ಇಡುವಂತೆ, ಹಾಸು–ಕಂಬಳಿಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುವಂತೆ ಸ್ವಸಹಾಯ ಸಂಘಗಳ ಮೂಲಕ ತಿಳಿವಳಿಕೆ ನೀಡುವುದು.

ಉ) ಜ್ವರ ಬಂದವರು ತಮ್ಮ ಮನೆಯಲ್ಲಿ ಚಿಗಟ, ಇಲಿ, ಸಾಕುಪ್ರಾಣಿ ಇರುವ ಸಂಗತಿಯನ್ನು ವೈದ್ಯರಿಗೆ ತಾವಾಗಿಯೇ ಹೇಳುವಂತೆ ತಿಳಿಸುವುದು. ಈ ಒಂದು ಮಾತಿನಿಂದ ರೋಗನಿರ್ಣಯದ ದಿಕ್ಕೇ ಬದಲಾಗಬಹುದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಪ್ರತಿ ಸದಸ್ಯರೂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ತಮ್ಮ ವಾರ್ಡಿನಲ್ಲಿ ನಾಳೆ ಬೆಳಿಗ್ಗೆ ಹತ್ತು ಇಲಿಗಳು ಸತ್ತು ಬಿದ್ದಿದ್ದರೆ, ಆ ಸುದ್ದಿ ಸಂಜೆಯೊಳಗೆ ಯಾರ ಮೂಲಕ ಆರೋಗ್ಯ ಕೇಂದ್ರವನ್ನು ತಲುಪುತ್ತದೆ? ಆ ವ್ಯಕ್ತಿಯ ಹೆಸರನ್ನು ನಡವಳಿಯಲ್ಲಿ ದಾಖಲಿಸಿದ ದಿನ ಈ ಪಾಠ ಸಾರ್ಥಕವಾಗುತ್ತದೆ.