ಬಚ್ಚಲ ನೀರು ಹರಿಯದಿದ್ದಾಗ

ನವಿ ಮುಂಬಯಿಯ ಮಹಾಪೆ ಪರಿಸರದ ಮನೆಗಳಲ್ಲಿ ಬಚ್ಚಲ ಜಾಲರಿಯ ಕೆಳಗೆ ಸಾಮಾನ್ಯವಾಗಿ ‘ನಹಾನಿ ಟ್ರ್ಯಾಪ್’ ಇರುತ್ತದೆ. ಸ್ನಾನದ ಸ್ಥಳವನ್ನು ಸೂಚಿಸುವ ಮರಾಠಿಯ ‘ನ್ಹಾಣಿ’ ಎಂಬ ಪದದಿಂದ ಈ ಹೆಸರು ಬಂದಿದೆ. ಇದರೊಳಗೆ ಸದಾ ನಿಲ್ಲುವ ನೀರು ಚರಂಡಿಯ ದುರ್ವಾಸನೆಯನ್ನೂ ಜಿರಲೆಗಳನ್ನೂ ತಡೆಯುತ್ತದೆ. ಕೂದಲು ಮತ್ತು ಸಾಬೂನಿನ ಜಿಡ್ಡು ಇಲ್ಲಿ ಗಂಟುಕಟ್ಟಿದರೆ ನೀರು ನಿಧಾನವಾಗಿ ಇಳಿಯುತ್ತದೆ.

ಮೊದಲು ಕೈಗವಸು ಧರಿಸಿ ಜಾಲರಿಯನ್ನು ತೆಗೆಯಬೇಕು. ಕೊಕ್ಕೆಯಂತೆ ಬಾಗಿಸಿದ ತಂತಿಯಿಂದ ಕಸವನ್ನು ಮೇಲೆತ್ತಬೇಕು. ಅದನ್ನು ಒಳಕ್ಕೆ ತಳ್ಳಬಾರದು. ಒಳಗಿನ ಬಟ್ಟಲನ್ನು ತೊಳೆದು ಮರಳಿ ಕೂರಿಸುವುದು ಅವಶ್ಯ. ಅನಂತರ ಒಂದು ಬಕೆಟ್ ಬಿಸಿನೀರು ಹಾಕಬೇಕು. ಪ್ಲಾಸ್ಟಿಕ್ ಕೊಳವೆಗಳು ಮೆದುವಾಗುವುದರಿಂದ ಕುದಿಯುವ ನೀರು ಸಲ್ಲದು. ಆಗಲೂ ತಡೆ ಉಳಿದರೆ, ರಬ್ಬರ್ ಪಂಪಿನ ಬಾಯಿ ನೀರಿನಲ್ಲಿ ಮುಳುಗಿರುವಂತೆ ಇಟ್ಟು ಹತ್ತು ಹದಿನೈದು ಬಾರಿ ಒತ್ತಿ ಎಳೆಯಬೇಕು.

ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಕೂಡದು. ಅವುಗಳಿಂದ ಹೊರಡುವ ಕ್ಲೋರಿನ್ ಅನಿಲವು ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯಕಾರಿ.

ಹಲವು ಮನೆಗಳಲ್ಲಿ ಏಕಕಾಲಕ್ಕೆ ನೀರು ಮೇಲೇರಿದರೆ ದೋಷವು ಮುಖ್ಯ ಕೊಳವೆಯಲ್ಲಿದೆಯೆಂದು ತಿಳಿಯಬಹುದು. ಆಗ ವಸತಿ ಸೊಸೈಟಿಗೆ ಅಥವಾ ಮಹಾನಗರಪಾಲಿಕೆಗೆ ತಿಳಿಸಿ ಯಂತ್ರದಿಂದಲೇ ಶುಚಿಗೊಳಿಸಿಸಬೇಕು. ಹಣ ಕೊಟ್ಟು ಯಾರನ್ನೂ ಗುಂಡಿಗೆ ಇಳಿಸಬಾರದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲವು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಯ ಕೆಲಸಕ್ಕೆ ಇಳಿಸುವುದು 2013ರ ಕಾಯ್ದೆಯಂತೆ ಶಿಕ್ಷಾರ್ಹ ಅಪರಾಧವಾಗಿದೆ.

ವಾರಕ್ಕೊಮ್ಮೆ ಜಾಲರಿಯ ಕೂದಲನ್ನು ತೆಗೆದು ಕಸದ ಬುಟ್ಟಿಗೆ ಹಾಕುವ ಅಭ್ಯಾಸದಿಂದ ಇಂತಹ ತೊಂದರೆಗಳನ್ನು ಬಹುಮಟ್ಟಿಗೆ ತಪ್ಪಿಸಬಹುದು.