ಮುಟ್ಟು ನಿಂತ ಮೇಲೆ ಹಾರ್ಮೋನು ಮಾತ್ರೆ: ಯಾರಿಗೆ ಬೇಕು, ಯಾರಿಗೆ ಬೇಡ?

ಡಿಸೆಂಬರ್ ತಿಂಗಳ ಬೆಳಗಿನ ಬಲಿಪೂಜೆ. ಅಕ್ಕಪಕ್ಕದವರೆಲ್ಲ ಶಾಲು ಹೊದ್ದು ಕುಳಿತಿದ್ದಾರೆ. ಒಬ್ಬ ತಾಯಿ ಮಾತ್ರ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾಳೆ. ಎದೆಯಿಂದ ಮುಖದವರೆಗೆ ಬಿಸಿ ಏರಿ, ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದೆ. ಎರಡು ಮೂರು ನಿಮಿಷ ಕಳೆದರೆ ಅದೇ ಮೈ ಚಳಿಯಿಂದ ನಡುಗುತ್ತದೆ. ರಾತ್ರಿಯೂ ಹೀಗೆಯೇ ಆಗುವುದರಿಂದ ಸರಿಯಾಗಿ ನಿದ್ರೆ ಇಲ್ಲ. ಬೆಳಗಾದರೆ ಮಕ್ಕಳ ಮೇಲೆ ರೇಗಾಟ. 'ಅಮ್ಮನಿಗೆ ಈಚೆಗೆ ಸಿಟ್ಟು ಜಾಸ್ತಿ' ಎಂದು ಮನೆಯವರು ಅನ್ನುತ್ತಾರೆ. ಆಕೆ ಮಾತ್ರ ಯಾರ ಬಳಿಯೂ ಬಾಯಿ ಬಿಡುವುದಿಲ್ಲ.

ಪ್ರಿಯ ತಾಯಂದಿರೇ, ನಿಮ್ಮಲ್ಲಿ ಎಷ್ಟೋ ಮಂದಿಗೆ ಇದರ ಅನುಭವವಿದೆ. ಸತತವಾಗಿ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಇದು ಸರಾಸರಿ 46-47ನೇ ವಯಸ್ಸಿನಲ್ಲಿ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ. ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುವುದು ಆಗ ತೀರಾ ಕಡಿಮೆಯಾಗುತ್ತದೆ. ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಕೇಂದ್ರವು ಆ ಹಾರ್ಮೋನಿಲ್ಲದೆ ಸಣ್ಣ ಬಿಸಿಗೂ ಗಾಬರಿಗೊಂಡು ಬೆವರು ಹರಿಸುತ್ತದೆ. ಕೆಲವರಿಗೆ ಒಂದೆರಡು ವರ್ಷ, ಹಲವರಿಗೆ ಏಳೆಂಟು ವರ್ಷ ಈ ತೊಂದರೆ ಇರುತ್ತದೆ. ಮೂತ್ರದ ಉರಿ, ಯೋನಿಯ ಒಣಗುವಿಕೆಯಿಂದ ದಾಂಪತ್ಯದಲ್ಲಿ ನೋವು, ಇವುಗಳಿಗೂ ಕಾರಣ ಅದೇ. ಕಣ್ಣಿಗೆ ಕಾಣದಂತೆ ಮೂಳೆಯೂ ಸವೆಯುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಈ ಸವೆತ ಬಹಳ ವೇಗವಾಗಿರುತ್ತದೆ.

ಹಾಗಾದರೆ ಕಡಿಮೆಯಾದ ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಸಾಲದೇ? ವೈದ್ಯರು ಮಾಡಿದ್ದೂ ಇದನ್ನೇ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರು ಬರೆದ ಪುಸ್ತಕವೊಂದು ಈ ಮಾತ್ರೆ ಹೆಣ್ಣಿನ ಯೌವನವನ್ನೇ ಉಳಿಸುತ್ತದೆ ಎಂದು ಸಾರಿತು. ಮುಪ್ಪನ್ನು ಕಾಯಿಲೆಯೆಂದು ಹೆದರಿಸಿ ಮಾತ್ರೆ ಮಾರುವ ಈ ಬುದ್ಧಿ ಇಂದಿಗೂ ಸತ್ತಿಲ್ಲ, ಅದಿರಲಿ. 1975ರಲ್ಲಿ, ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು ತಿಳಿದುಬಂತು. ಅಂದಿನಿಂದ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟರೋನ್ ಜಾತಿಯ ಇನ್ನೊಂದು ಹಾರ್ಮೋನನ್ನು ಸೇರಿಸಿಯೇ ಕೊಡುತ್ತಾರೆ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು.

ನಂತರ ಬಂದದ್ದು 2002ರ ಜುಲೈ. ಅಮೆರಿಕ ಸರ್ಕಾರ ನಡೆಸಿದ ದೊಡ್ಡ ಅಧ್ಯಯನವೊಂದರಲ್ಲಿ 16,608 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಎರಡೂ ಹಾರ್ಮೋನು ಸೇರಿದ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟಿದ್ದರು. ಐದು ವರ್ಷ ದಾಟುವಷ್ಟರಲ್ಲಿ, ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. 'ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚಳ' ಎಂಬ ಸುದ್ದಿ ಲೋಕವೆಲ್ಲ ಹಬ್ಬಿತು. ಲಕ್ಷಾಂತರ ಮಂದಿ ಹೆದರಿ ಮಾತ್ರೆ ಬಿಟ್ಟರು, ವೈದ್ಯರೂ ಬರೆದುಕೊಡಲು ಹಿಂಜರಿದರು.

ಆ ಶೇಕಡಾ 26 ಎಂದರೆ ಏನೆಂದು ಸಾವಧಾನವಾಗಿ ನೋಡೋಣ. ಔಷಧವಿಲ್ಲದ ಮಾತ್ರೆ ನುಂಗಿದ 10,000 ಮಂದಿಯಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನು ತೆಗೆದುಕೊಂಡ 10,000 ಮಂದಿಯಲ್ಲಿ 38 ಮಂದಿಗೆ ಬಂತು. ಲಕ್ವ 21ರಿಂದ 29ಕ್ಕೆ, ಹೃದಯದ ತೊಂದರೆ 30ರಿಂದ 37ಕ್ಕೆ ಏರಿತು. ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿಯಿತು. ಹಾನಿ ನಿಜ, ಆದರೆ ಸುದ್ದಿ ಕೇಳಿದವರು ಊಹಿಸಿದಷ್ಟು ದೊಡ್ಡದಲ್ಲ. ಇನ್ನೊಂದು ಮಾತು. ಆ ಹೆಂಗಸರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದವರ ರಕ್ತನಾಳಕ್ಕೂ 48ರ ಹೆಂಗಸಿನ ರಕ್ತನಾಳಕ್ಕೂ ವ್ಯತ್ಯಾಸವಿದೆ. ಅದೇ ಹೆಂಗಸರನ್ನು ಸುಮಾರು 18 ವರ್ಷ ಗಮನಿಸಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಾರ್ಮೋನು ತೆಗೆದುಕೊಂಡವರಲ್ಲೂ ತೆಗೆದುಕೊಳ್ಳದವರಲ್ಲೂ ಒಟ್ಟು ಸಾವಿನ ಪ್ರಮಾಣ ಒಂದೇ ಆಗಿತ್ತು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಔಷಧಗಳ ಮೇಲೆ ಅಚ್ಚಾಗುತ್ತಿದ್ದ ಕಠಿಣ ಎಚ್ಚರಿಕೆಯಲ್ಲಿ ಹೆಚ್ಚಿನ ಭಾಗವನ್ನು ತೆಗೆಸುವುದಾಗಿ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಹಾಗೆಂದು ಎಲ್ಲರೂ ಔಷಧದ ಅಂಗಡಿಗೆ ಓಡಬೇಕಾಗಿಲ್ಲ.

ಇಂದು ತಜ್ಞರು ಹೇಳುವುದಿಷ್ಟು. ನಿಮಗೆ 60 ದಾಟಿಲ್ಲ, ಅಥವಾ ಮುಟ್ಟು ನಿಂತು ಇನ್ನೂ ಹತ್ತು ವರ್ಷವಾಗಿಲ್ಲ, ಬಿಸಿಯೇರುವಿಕೆ ಮತ್ತು ಬೆವರಿನಿಂದ ನಿದ್ರೆ, ಕೆಲಸ ಎರಡೂ ಕೆಡುತ್ತಿವೆ ಎಂದಾದರೆ ಹಾರ್ಮೋನಿಗಿಂತ ಉತ್ತಮ ಔಷಧ ಬೇರೊಂದಿಲ್ಲ. ಹೃದಯ ಕಾಪಾಡಲೆಂದೋ, ಚರ್ಮ ಸುಕ್ಕಾಗದಿರಲೆಂದೋ ಅದನ್ನು ನುಂಗುವುದು ಬೇಡ. ಸ್ತನ ಕ್ಯಾನ್ಸರ್ ಆದವರು, ಹೃದಯಾಘಾತ ಅಥವಾ ಲಕ್ವ ಹೊಡೆದವರು, ಕಾಲಿನ ಅಥವಾ ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಜೋರಾಗಿರುವವರು ಇದರಿಂದ ದೂರವಿರಬೇಕು. ಅವರಿಗೆ ಹಾರ್ಮೋನಲ್ಲದ ಮಾತ್ರೆಗಳಿವೆ. ಯೋನಿಯ ಒಣಗುವಿಕೆ ಒಂದೇ ತೊಂದರೆಯಾದರೆ ಮಾತ್ರೆಯೇ ಬೇಕಿಲ್ಲ, ಆ ಜಾಗಕ್ಕೆ ಹಚ್ಚುವ ಮುಲಾಮು ಸಾಕು. ಅದರಿಂದ ರಕ್ತಕ್ಕೆ ಸೇರುವ ಹಾರ್ಮೋನು ಅತ್ಯಲ್ಪ. ಎಷ್ಟು ದಿನ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ವರ್ಷಕ್ಕೊಮ್ಮೆ ವೈದ್ಯರ ಮುಂದೆ ಕುಳಿತು, ಮುಂದುವರಿಸುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸಬೇಕು.

'ಹಾರ್ಮೋನು ಮಾತ್ರೆ ಎಂದರೆ ಗರ್ಭನಿರೋಧಕ ಮಾತ್ರೆಯ ಹಾಗೆಯೇ ಅಲ್ಲವೇ, ಧರ್ಮಸಭೆ ಒಪ್ಪುತ್ತದೆಯೇ?' ಎಂಬ ಅಳುಕು ಕೆಲವು ತಾಯಂದಿರಲ್ಲಿದೆ. ಈ ಅಳುಕಿಗೆ ಆಧಾರವಿಲ್ಲ. ಪರಮಗುರು ಆರನೇ ಪೌಲರು 1968ರ ತಮ್ಮ 'ಹ್ಯುಮಾನೆ ವೀತೆ' ವಿಶ್ವಪತ್ರದ 15ನೇ ಪರಿಚ್ಛೇದದಲ್ಲಿಯೇ, ದೇಹದ ಕಾಯಿಲೆ ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯನ್ನು ಧರ್ಮಸಭೆ ನಿಷೇಧಿಸುವುದಿಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಅದರಿಂದ ಗರ್ಭಧಾರಣೆಗೆ ಅಡ್ಡಿಯಾಗಬಹುದೆಂದು ಗೊತ್ತಿದ್ದರೂ, ಅದೇ ಉದ್ದೇಶವಲ್ಲದಿದ್ದರೆ ದೋಷವಿಲ್ಲ. ಇಲ್ಲಂತೂ ಹೆರುವ ಕಾಲವೇ ಮುಗಿದಿದೆ.

ನಮ್ಮ ನಾಡಿನಲ್ಲಿ ಬೇರೊಂದು ಸಂಕಟವಿದೆ, ಅದನ್ನು ಹೇಳಲೇಬೇಕು. ಬಿಳಿಸೆರಗು, ಹೆಚ್ಚು ಸ್ರಾವ ಎಂದು ಹೋದ 35ರ ಹೆಣ್ಣುಮಗಳಿಗೆ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡು' ಎನ್ನುವವರಿದ್ದಾರೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಮೂವರಿಗೆ, ನೆರೆಯ ಆಂಧ್ರದಲ್ಲಿ ಸುಮಾರು ಒಂಬತ್ತು ಮಂದಿಗೆ ಈ ಆಪರೇಷನ್ ಆಗಿತ್ತು. ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ, ನಿಧಾನವಾಗಿ ಬರಬೇಕಾದ ಬದಲಾವಣೆ ಒಂದೇ ದಿನದಲ್ಲಿ ಬಂದೆರಗುತ್ತದೆ. ಮೂಳೆ ಸವೆತವೂ ಹೃದಯದ ಕಾಯಿಲೆಯೂ ಬೇಗ ಬರುವ ಅಪಾಯವಿದೆ. 2002ರ ಆ ಅಂಕಿಗಳು ಇಂಥವರಿಗೆ ಅನ್ವಯಿಸುವುದಿಲ್ಲ. ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅವರಿಗೆ ಹಾರ್ಮೋನು ಕೊಡಬೇಕೆಂಬುದೇ ತಜ್ಞರ ಸಲಹೆ. ಆದರೆ ಹೊಲಿಗೆ ಬಿಚ್ಚಿ ಮನೆಗೆ ಕಳುಹಿಸುವಾಗ ಈ ಮಾತನ್ನು ಹೇಳುವವರು ಎಷ್ಟು ಮಂದಿ? ನಿಮ್ಮ ಮನೆಯಲ್ಲಿ ಹೀಗೆ ಆಪರೇಷನ್ ಆದವರಿದ್ದರೆ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆಯಿರಿ. ಅಂಡಾಶಯಗಳನ್ನು ತೆಗೆದಿದ್ದಾರೆಯೇ, ಉಳಿಸಿದ್ದಾರೆಯೇ ಎಂದು ವೈದ್ಯರಿಂದ ಓದಿಸಿ ತಿಳಿಯಿರಿ.

ಮಾತ್ರೆ ಬೇಕೆನಿಸಲಿ ಬೇಡವೆನಿಸಲಿ, ಮೂಳೆಗೆ ಆಹಾರ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮುದ್ದೆ, ಮಜ್ಜಿಗೆ, ದಿನಕ್ಕೊಂದಿಷ್ಟು ನಡಿಗೆ, ಮೈಗೆ ಬಿಸಿಲು. ಗಂಡಂದಿರಿಗೂ ಒಂದು ಮಾತು: ರಾತ್ರಿ ಎದ್ದು ಕಿಟಕಿ ತೆರೆಯುವ ಹೆಂಡತಿಯನ್ನು ಗದರಬೇಡಿ. ಆಕೆಯ ಜೊತೆ ನೀವೂ ಸ್ತ್ರೀರೋಗ ತಜ್ಞರ ಬಳಿಗೆ ಹೋಗಿ.

ಕೊನೆಯದಾಗಿ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ಒಂದು ಕಲೆಯಾದರೂ ಸರಿ, 'ಉಷ್ಣದಿಂದ ಆಗಿರಬೇಕು' ಎಂದು ಸುಮ್ಮನಿರಬೇಡಿ. ಹಾರ್ಮೋನು ತೆಗೆದುಕೊಳ್ಳುವವರಾಗಲಿ, ತೆಗೆದುಕೊಳ್ಳದವರಾಗಲಿ, ಅದೇ ವಾರ ವೈದ್ಯರಿಗೆ ತೋರಿಸಿ. ಸ್ಕ್ಯಾನಿಂಗ್ ಮಾಡಿ ಗರ್ಭಕೋಶದ ಒಳಪದರ ದಪ್ಪವಾಗಿದೆಯೇ ಎಂದು ಅವರು ನೋಡುತ್ತಾರೆ.